ಅಚ್ಚಾಗದ ಅಮ್ಮ

ಎಲ್ಲರಿಗೂ ನಮಸ್ಕಾರ. ಸಂಜೆ ಹೊತ್ತು ಮನೆ ಕೆಲಸ ಬಿಟ್ಟು ಇಷ್ಟು ಜನ ಬಂದಿದ್ದೀರಿ, ತುಂಬ ಸಂತೋಷ. ಇವತ್ತು ನಾನು ಒಂದೇ ಒಂದು ಮುಖದ ಬಗ್ಗೆ ಮಾತಾಡಬೇಕು ಅಂತ ಬಂದಿದ್ದೇನೆ. ಮೊದಲು ಪರದೆ ಮೇಲಿರುವುದನ್ನು ಸುಮ್ನೆ ಒಂದು ನಿಮಿಷ ನೋಡಿ. ಅಲ್ಲಿವರೆಗೆ ನಾನೂ ಸುಮ್ಮನಿರುತ್ತೇನೆ.

ವಯಸ್ಸಾದ ಒಬ್ಬ ಹೆಂಗಸು. ತಲೆಗೆ ಬಟ್ಟೆ ಸುತ್ತಿದ್ದಾರೆ. ಹಣೆ ತುಂಬ ಗೆರೆ, ಉತ್ತ ಹೊಲದ ಸಾಲಿನ ಹಾಗೆ. ಕೆನ್ನೆ ಒಳಗೆ ಹೋಗಿ ಮೂಳೆ ಮೇಲೆ ಬಂದಿದೆ. ಕತ್ತಿನ ನರಗಳು ಹಗ್ಗದ ಹಾಗೆ ಬಿಗಿದಿವೆ. ತುಟಿ ಮುಚ್ಚಿದೆ. ಕಣ್ಣುಗಳನ್ನು ನೋಡಿ. ದೊಡ್ಡದಾಗಿ ತೆರೆದಿವೆ, ಆದರೆ ಎರಡೂ ಒಂದೇ ಕಡೆ ನೋಡುತ್ತಿಲ್ಲ. ಒಂದು ಸ್ವಲ್ಪ ಪಕ್ಕಕ್ಕೆ ಸರಿದಿದೆ.

ಇದು ಜರ್ಮನಿಯ ಕಲಾವಿದ ಆಲ್ಬ್ರೆಕ್ಟ್ ಡ್ಯೂರರ್ ಬರೆದ ತನ್ನ ತಾಯಿಯ ಚಿತ್ರ. ತಾಯಿಯ ಹೆಸರು ಬಾರ್ಬರಾ. ಬರೆದದ್ದು 1514ರ ಮಾರ್ಚ್ 19, ಭಾನುವಾರ. ಕಾಗದ ಸುಮಾರು 42 ಸೆಂಟಿಮೀಟರ್ ಎತ್ತರ, 30 ಸೆಂಟಿಮೀಟರ್ ಅಗಲ. ಬರೆದದ್ದು ಇದ್ದಿಲಿನಲ್ಲಿ.

ನನಗೆ ಕೊಟ್ಟ ವಿಷಯ ರೆನೆಸಾನ್ಸ್, ಅಂದರೆ ಐನೂರು ಆರುನೂರು ವರ್ಷದ ಹಿಂದೆ ಯೂರೋಪಿನಲ್ಲಿ ಕಲೆ ಹೊಸದಾಗಿ ಅರಳಿದ ಕಾಲ, ಆ ಕಾಲದ ತಾಮ್ರ ಕೆತ್ತನೆಯ ಭಾವಚಿತ್ರಗಳು. ಹಾಗಿದ್ದ ಮೇಲೆ ಇದ್ದಿಲಿನ ಚಿತ್ರ ಯಾಕೆ ತೋರಿಸುತ್ತಿದ್ದೀನಿ ಅಂತ ನಿಮಗೆ ಅನ್ನಿಸಬಹುದು. ಕಾರಣ ಇದೆ. ತಾಮ್ರದ ತಗಡಿನ ಮೇಲೆ ಕೆತ್ತಿ ಅಚ್ಚು ತೆಗೆಯುವ ಕೆಲಸದಲ್ಲಿ ಆ ಕಾಲದ ಯೂರೋಪಿನಲ್ಲಿ ಡ್ಯೂರರನನ್ನು ಮೀರಿಸಿದವರಿರಲಿಲ್ಲ. ಆ ಕೈಚಳಕ ಅವನಿಗೆ ಬಂದದ್ದು ಅಪ್ಪನಿಂದ. ಹಾಗೆ ತೆಗೆದ ಅಚ್ಚುಗಳನ್ನು ಮಾರಿಕೊಟ್ಟವರಲ್ಲಿ ಅಮ್ಮನೂ ಒಬ್ಬಳು. ಇಷ್ಟಾದರೂ ಅವನು ಅಪ್ಪನ ಮುಖವನ್ನಾಗಲಿ ಅಮ್ಮನ ಮುಖವನ್ನಾಗಲಿ ತಾಮ್ರಕ್ಕೆ ತರಲಿಲ್ಲ. ಗೆಳೆಯರದು ತಂದ. ದೊರೆಗಳದು ತಂದ. ಕಾರ್ಡಿನಲ್ ಅಂದರೆ ಚರ್ಚಿನ ದೊಡ್ಡ ಗುರು, ಅಂಥವರೊಬ್ಬರದು ಎರಡು ಸಲ ತಂದ. ಅಮ್ಮ ಮಾತ್ರ ಅಚ್ಚಾಗಲಿಲ್ಲ. ನನ್ನನ್ನು ಬಹಳ ದಿನದಿಂದ ಕಾಡುತ್ತಿರುವುದು ಇದೇ.

ಕೆತ್ತನೆ ಹೇಗೆ ಮಾಡುತ್ತಾರೆ ಅಂತ ಮೊದಲು ಹೇಳಿಬಿಡುತ್ತೇನೆ. ಅದು ಗೊತ್ತಿಲ್ಲದೆ ಮುಂದಿನ ಮಾತು ಅರ್ಥವಾಗುವುದಿಲ್ಲ. ನಯ ಮಾಡಿದ ತಾಮ್ರದ ತಗಡನ್ನು ಮರಳು ತುಂಬಿದ ಒಂದು ಚರ್ಮದ ದಿಂಬಿನ ಮೇಲೆ ಇಡುತ್ತಾರೆ. ಕೈಯಲ್ಲಿ ಸಣ್ಣ ಉಕ್ಕಿನ ಉಳಿ. ಅದರ ತಲೆ ಅಂಗೈಯಲ್ಲಿ ಕೂರುತ್ತದೆ, ಚೂಪಾದ ತುದಿ ತಾಮ್ರವನ್ನು ಕೊರೆಯುತ್ತದೆ. ಪೆನ್ನಿನ ಹಾಗೆ ಎಳೆಯುವುದಲ್ಲ, ಮುಂದಕ್ಕೆ ತಳ್ಳುವುದು. ಬಾಗಿದ ಗೆರೆ ಬೇಕಾದರೆ ಕೈ ತಿರುಗಿಸುವುದಿಲ್ಲ, ಇನ್ನೊಂದು ಕೈಯಿಂದ ತಗಡನ್ನೇ ತಿರುಗಿಸುತ್ತಾರೆ. ಒಂದೊಂದು ಗೆರೆಗೂ ಕೂದಲೆಳೆಯಷ್ಟು ತಾಮ್ರ ಸುರುಳಿಯಾಗಿ ಏಳುತ್ತದೆ. ಆಳ ಜಾಸ್ತಿಯಾದರೆ ಗೆರೆ ಕಪ್ಪಾಗುತ್ತದೆ, ಕಡಿಮೆಯಾದರೆ ತೆಳುವಾಗುತ್ತದೆ. ತಪ್ಪಾದರೆ ಉಜ್ಜಿ ಸರಿ ಮಾಡುವುದು ದೊಡ್ಡ ಕೆಲಸ.

ಕೆತ್ತನೆ ಮುಗಿದ ಮೇಲೆ ತಗಡಿಗೆ ಮಸಿ ಬಳಿದು ಒರೆಸುತ್ತಾರೆ. ಮೇಲಿನ ಮಸಿ ಹೋಗುತ್ತದೆ, ಗೆರೆಯೊಳಗಿನದು ಉಳಿಯುತ್ತದೆ. ಒದ್ದೆ ಮಾಡಿದ ಕಾಗದವನ್ನು ಅದರ ಮೇಲಿಟ್ಟು ಎರಡು ಉರುಳೆಗಳ ನಡುವೆ ಬಿಗಿಯಾಗಿ ಹಾಯಿಸಿದರೆ ಕಾಗದ ಆ ಗೆರೆಯೊಳಗೆ ಇಳಿದು ಮಸಿಯನ್ನು ಎತ್ತಿಕೊಂಡು ಬರುತ್ತದೆ. ಚಿತ್ರ ಎಡಬಲ ಅದಲು ಬದಲಾಗಿ ಮೂಡುತ್ತದೆ. ಹಾಗಾಗಿ ಅಕ್ಷರ ಕೆತ್ತುವುದಿದ್ದರೆ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ ಕೆತ್ತಬೇಕು. ಒಂದು ತಗಡಿನಿಂದ ನೂರಾರು ಪ್ರತಿ ತೆಗೆಯಬಹುದು. ಒಂದು ಮುಖ ನೂರಾರು ಮನೆ ಸೇರಬಹುದು.

ಈ ಉಳಿ ಮೂಲದಲ್ಲಿ ಚಿತ್ರಗಾರನದಲ್ಲ, ಅಕ್ಕಸಾಲಿಗನದು. ಬೆಳ್ಳಿ ಬಂಗಾರದ ಮೇಲೆ ಬಳ್ಳಿ, ಹೂವು, ಅಕ್ಷರ ಕೆತ್ತುತ್ತಿದ್ದ ಸಾಧನ ಅದು. ಡ್ಯೂರರನ ಅಪ್ಪ ಅಕ್ಕಸಾಲಿಗ. ಅವರ ಹೆಸರೂ ಆಲ್ಬ್ರೆಕ್ಟ್. ಊರು ಹಂಗೇರಿಯ ಗ್ಯೂಲಾ ಪಟ್ಟಣದ ಹತ್ತಿರದ ಅಯ್ತೋಶ್ ಅನ್ನುವ ಹಳ್ಳಿ. ಹಂಗೇರಿಯನ್ ಭಾಷೆಯಲ್ಲಿ ಅಯ್ತೋ ಅಂದರೆ ಬಾಗಿಲು. ಜರ್ಮನ್ನಿನಲ್ಲಿ ಬಾಗಿಲಿಗೆ ಟ್ಯೂರ್ ಅನ್ನುತ್ತಾರೆ. ಡ್ಯೂರರ್ ಅನ್ನುವ ಮನೆತನದ ಹೆಸರು ಬಂದದ್ದು ಹಾಗೆ. ಅವರ ಮನೆತನದ ಲಾಂಛನದಲ್ಲೂ ತೆರೆದ ಬಾಗಿಲೇ ಇದೆ.

ಈ ಅಕ್ಕಸಾಲಿಗ 1455ರಲ್ಲಿ ಜರ್ಮನಿಯ ನ್ಯೂರೆಂಬರ್ಗಿಗೆ ಬಂದು ಹೀರೋನಿಮಸ್ ಹೋಲ್ಪರ್ ಅನ್ನುವ ಇನ್ನೊಬ್ಬ ಅಕ್ಕಸಾಲಿಗನ ಹತ್ತಿರ ದುಡಿದರು. 1467ರಲ್ಲಿ ಆ ಯಜಮಾನನ ಮಗಳನ್ನೇ ಮದುವೆಯಾದರು. ಗಂಡನಿಗೆ ಆಗ 40 ವರ್ಷ, ಬಾರ್ಬರಾಗೆ 15. ಅಲ್ಲಿಂದ ಆಕೆ 18 ಮಕ್ಕಳನ್ನು ಹೆತ್ತಳು. ಪ್ರತಿ ಮಗು ಹುಟ್ಟಿದ ದಿನವನ್ನು ಗಂಡ ಬರೆದಿಟ್ಟುಕೊಳ್ಳುತ್ತಿದ್ದರು. ಆ ಟಿಪ್ಪಣಿಗಳನ್ನು ಇಟ್ಟುಕೊಂಡು ಡ್ಯೂರರ್ 1524ರಲ್ಲಿ ಮನೆತನದ ಕಥೆ ಬರೆದ. ಅವನು ಹುಟ್ಟಿದ್ದು 1471ರ ಮೇ 21ಕ್ಕೆ, ಮೂರನೆಯ ಮಗುವಾಗಿ. ಆ ಕಥೆ ಬರೆಯುವ ಹೊತ್ತಿಗೆ 18ರಲ್ಲಿ ಉಳಿದಿದ್ದವರು ಮೂರೇ ಜನ. ಅವನು, ತಮ್ಮ ಎಂಡ್ರೆಸ್, ಇನ್ನೊಬ್ಬ ತಮ್ಮ ಹಾನ್ಸ್.

ಡ್ಯೂರರ್ ಓದು ಬರಹ ಕಲಿತ ಮೇಲೆ ಅಪ್ಪ ಅವನನ್ನು ಶಾಲೆ ಬಿಡಿಸಿ ಅಕ್ಕಸಾಲಿಗೆ ಕೂರಿಸಿದರು. ಕೈ ಚೆನ್ನಾಗಿ ಪಳಗಿದ ಹೊತ್ತಿಗೆ ಮಗ ಬಂದು, ನನಗೆ ಚಿತ್ರಕಲೆಯ ಮೇಲೆ ಮನಸ್ಸು ಅಂದ. ಅಪ್ಪನಿಗೆ ಬೇಜಾರಾಯಿತು. ಕಲಿಸಿದ ಅಷ್ಟು ದಿನ ದಂಡವಾಯಿತಲ್ಲ ಅಂತ. ಆದರೂ ಒಪ್ಪಿಕೊಂಡರು. 1486ರ ನವೆಂಬರ್ 30ಕ್ಕೆ ಅವನನ್ನು ಮಿಖಾಯೆಲ್ ವೋಲ್ಗೆಮುಟ್ ಅನ್ನುವ ಚಿತ್ರಗಾರನ ಹತ್ತಿರ ಮೂರು ವರ್ಷಕ್ಕೆ ಬಿಟ್ಟರು. ಇದನ್ನೆಲ್ಲ ಡ್ಯೂರರನೇ ಬರೆದಿದ್ದಾನೆ. ಓದುವಾಗ ಆ ಅಪ್ಪನ ಬಗ್ಗೆ ನನಗೆ ತುಂಬ ಪ್ರೀತಿ ಹುಟ್ಟುತ್ತದೆ. ಮಗನ ಇಷ್ಟಕ್ಕೆ ತನ್ನ ಕಸುಬನ್ನು ಪಕ್ಕಕ್ಕಿಡುವುದು ಸಣ್ಣ ಮಾತಲ್ಲ, ಅಲ್ವಾ? ಆದರೆ ಆ ದಿನಗಳು ದಂಡವಾಗಲಿಲ್ಲ. ಮುಂದೆ ಅವನು ತಾಮ್ರದ ಮೇಲೆ ನಾಯಿಯ ರೋಮ, ಮರದ ಸೀಳು, ಗಾಜಿನಿಂದ ಬಂದ ಬೆಳಕು ಎಲ್ಲವನ್ನೂ ಬರೀ ಗೆರೆಯಲ್ಲಿ ತೋರಿಸಿದನಲ್ಲ, ಅಪ್ಪನ ಅಂಗಡಿಯಲ್ಲಿ ಉಳಿ ಹಿಡಿದ ಕೈಗೆ ಮಾತ್ರ ಅದು ಸಾಧ್ಯ.

ಅಪ್ಪ ಅಮ್ಮನ ಮುಖವನ್ನು ಅವನು ಬರೆಯಲೇ ಇಲ್ಲ ಅಂತಲ್ಲ. 1490ರಲ್ಲಿ, ಊರು ಬಿಟ್ಟು ಕೆಲಸ ಕಲಿಯಲು ತಿರುಗಾಟಕ್ಕೆ ಹೊರಡುವ ಮುಂಚೆ, ಅಪ್ಪನನ್ನು ಬಣ್ಣದಲ್ಲಿ ಬರೆದ. ಕೈಯಲ್ಲಿ ಜಪಮಾಲೆ ಹಿಡಿದ ಆ ಚಿತ್ರ ಈಗ ಇಟಲಿಯ ಫ್ಲಾರೆನ್ಸಿನ ಉಫಿಜಿ ಮ್ಯೂಸಿಯಂನಲ್ಲಿದೆ. ಜೊತೆಗೆ ಅಮ್ಮನದೂ ಒಂದು, ಅದು ನ್ಯೂರೆಂಬರ್ಗಿನ ಜರ್ಮನ್ ರಾಷ್ಟ್ರೀಯ ಮ್ಯೂಸಿಯಂನಲ್ಲಿದೆ. ಇವೆರಡೂ ಜೋಡಿ. ಬಹಳ ಕಾಲ ಅಗಲಿದ್ದವು, ಅಮ್ಮನ ಚಿತ್ರ ಯಾರದು ಅಂತಲೂ ಮರೆತುಹೋಗಿತ್ತು. 1970ರ ದಶಕದ ಕೊನೆಗೆ ಅದು ಬಾರ್ಬರಾಳದೇ ಅಂತ ಗುರುತಿಸಿದರು. ಆ ಚಿತ್ರದಲ್ಲಿ ಆಕೆಗೆ 40 ಕೂಡ ಆಗಿಲ್ಲ. ಮುಖ ನುಣುಪಾಗಿದೆ, ತಲೆಯ ಬಟ್ಟೆ ಅಚ್ಚುಕಟ್ಟಾಗಿದೆ. ಈಗ ಪರದೆ ಮೇಲಿರುವ ಈ ಮುಖವನ್ನು ಅದರ ಪಕ್ಕದಲ್ಲಿಟ್ಟರೆ ನಡುವಿನ 24 ವರ್ಷ ಕಣ್ಣಿಗೆ ರಾಚುತ್ತದೆ.

ಅಪ್ಪ ತೀರಿಹೋದದ್ದು 1502ರ ಸೆಪ್ಟೆಂಬರಿನಲ್ಲಿ. ಆ ರಾತ್ರಿಯ ಬಗ್ಗೆ ಡ್ಯೂರರ್ ತನ್ನ ನೆನಪಿನ ಪುಸ್ತಕದಲ್ಲಿ ಬರೆದಿದ್ದಾನೆ. ಅದರಲ್ಲಿ ಇವತ್ತು ಉಳಿದಿರುವುದು ಒಂದೇ ಒಂದು ಹಾಳೆ. ಕೆಲಸದ ಹುಡುಗಿ ಓಡಿ ಬಂದು ಎಬ್ಬಿಸಿದಳು, ನಾನು ಕೆಳಗಿಳಿದು ಬರುವಷ್ಟರಲ್ಲಿ ಅಪ್ಪ ಹೋಗಿದ್ದರು ಅನ್ನುತ್ತಾನೆ. ಕೊನೇ ಗಳಿಗೆಯಲ್ಲಿ ಹತ್ತಿರ ಇರುವ ಯೋಗ್ಯತೆ ನನಗಿರಲಿಲ್ಲ ಅಂತ ಕೊರಗುತ್ತಾನೆ. ಈ ಕೊರಗು ನೆನಪಿರಲಿ. ಅಮ್ಮನ ವಿಷಯಕ್ಕೆ ಬಂದಾಗ ಇದು ಬೇಕಾಗುತ್ತದೆ.

ಗಂಡ ಹೋದ ಎರಡು ವರ್ಷಕ್ಕೆ ಬಾರ್ಬರಾ ಕೈಯಲ್ಲಿ ಏನೂ ಉಳಿದಿರಲಿಲ್ಲ. ಮಗ ತನ್ನ ಮನೆಗೆ ಕರೆದುಕೊಂಡು ಬಂದ. ಆಗ ಶುರುವಾಯಿತು ನನಗೆ ತುಂಬ ಇಷ್ಟವಾಗುವ ಭಾಗ. ಈ ಅಮ್ಮ ಸುಮ್ಮನೆ ಮೂಲೆಯಲ್ಲಿ ಕೂತವಳಲ್ಲ. ಮಗನ ವ್ಯಾಪಾರಕ್ಕೆ ಕೈ ಕೊಟ್ಟಳು. ಡ್ಯೂರರನ ಹೆಂಡತಿ ಆಗ್ನೆಸ್ ಅಚ್ಚುಗಳನ್ನು ಕಟ್ಟಿಕೊಂಡು ಫ್ರಾಂಕ್‌ಫರ್ಟ್ ಜಾತ್ರೆಗೆ ಹೋಗುತ್ತಿದ್ದಳು. ಅತ್ತೆ ಊರಿನಲ್ಲೇ ಮಾರುತ್ತಿದ್ದಳು. ನ್ಯೂರೆಂಬರ್ಗಿನಲ್ಲಿ ವರ್ಷಕ್ಕೊಮ್ಮೆ ಚಕ್ರವರ್ತಿಗಳ ಪವಿತ್ರ ವಸ್ತುಗಳನ್ನು ಜನರಿಗೆ ತೋರಿಸುವ ಹಬ್ಬ ನಡೆಯುತ್ತಿತ್ತು. ದೂರದೂರದಿಂದ ಜನ ಸೇರುತ್ತಿದ್ದರು. 1506ರಲ್ಲಿ ಡ್ಯೂರರ್ ವೆನಿಸ್ಸಿನಲ್ಲಿದ್ದ. ಅಲ್ಲಿಂದ ಗೆಳೆಯ ವಿಲಿಬಾಲ್ಡ್ ಪಿರ್ಕ್‌ಹೈಮರನಿಗೆ ಬರೆದ ಪತ್ರದಲ್ಲಿ, ಆ ಹಬ್ಬಕ್ಕೆ ಅಚ್ಚು ಮಾರಲು ಅಮ್ಮನಿಗೆ ಹೇಳು ಅನ್ನುತ್ತಾನೆ. ಗುಲ್ಡನ್ ಅಂದರೆ ಆ ಕಾಲದ ನಾಣ್ಯ. ಹೊರಡುವಾಗ ಅಮ್ಮನಿಗೆ 10 ಗುಲ್ಡನ್ ಕೊಟ್ಟು ಬಂದಿದ್ದೆ, ಆಮೇಲೆ ಚಿತ್ರ ಮಾರಿ 9 ಅಥವಾ 10 ಗುಲ್ಡನ್ ಬಂದಿದೆ ಅಂತ ಲೆಕ್ಕ ಕೊಡುತ್ತಾನೆ.

ಅದೇ ಕಾಲದ ಪತ್ರದಲ್ಲಿ ಇನ್ನೊಂದು ಮಾತಿದೆ. ತಮ್ಮ ಹಾನ್ಸನನ್ನು ವೆನಿಸ್ಸಿಗೆ ಕರೆತರುವ ಆಸೆ ಇತ್ತು, ಅಮ್ಮ ಬಿಡಲಿಲ್ಲ, ಅವನ ತಲೆ ಮೇಲೆ ಆಕಾಶ ಕಳಚಿ ಬೀಳುತ್ತದೆ ಅಂತ ಹೆದರಿದಳು ಅನ್ನುತ್ತಾನೆ. 500 ವರ್ಷ ದಾಟಿ ಬಂದ ಈ ಮಾತು ಓದಿದಾಗ ಬಾರ್ಬರಾ ನನಗೆ ಎದುರಿಗೆ ಬಂದು ನಿಂತ ಹಾಗಾಯಿತು. ಅಷ್ಟೊಂದು ಮಕ್ಕಳನ್ನು ಮಣ್ಣಿಗೆ ಕೊಟ್ಟವಳು ಆಕೆ. ಉಳಿದವನನ್ನು ಪರದೇಶಕ್ಕೆ ಕಳಿಸು ಅಂದರೆ ಆಕಾಶ ಬೀಳುವ ಭಯ ಹುಟ್ಟದೆ ಇರುತ್ತದಾ?

ಇನ್ನು ತಾಮ್ರಕ್ಕೆ ಬಂದ ಮುಖಗಳ ವಿಷಯ. 1519ರಲ್ಲಿ ಡ್ಯೂರರ್ ಬ್ರಾಂಡೆನ್‌ಬರ್ಗಿನ ಕಾರ್ಡಿನಲ್ ಆಲ್ಬ್ರೆಕ್ಟರ ಮುಖ ಕೆತ್ತಿದ. ಚಿಕ್ಕ ಚಿತ್ರ, ಹೆಚ್ಚೂ ಕಡಿಮೆ ಅಂಗೈಯಗಲ. ತಗಡಿನ ಜೊತೆ 200 ಪ್ರತಿ ಕಳಿಸಿದ. ಅವರು 200 ಚಿನ್ನದ ಗುಲ್ಡನ್ ಮತ್ತು ಒಂದು ಮೇಲಂಗಿಗಾಗುವಷ್ಟು ರೇಷ್ಮೆ ಬಟ್ಟೆ ಕೊಟ್ಟರು. 1523ರಲ್ಲಿ ಅವರದೇ ಇನ್ನೊಂದು ಕೆತ್ತಿದ, ಆಗ ಕಳಿಸಿದ್ದು 500 ಪ್ರತಿ. ಮರುವರ್ಷ ಸ್ಯಾಕ್ಸನಿಯ ದೊರೆ ಫ್ರೆಡರಿಕ್ ಮತ್ತು ಗೆಳೆಯ ಪಿರ್ಕ್‌ಹೈಮರ್. 1526ರಲ್ಲಿ ವಿದ್ವಾಂಸರಾದ ಫಿಲಿಪ್ ಮೆಲಾಂಕ್‌ಥನ್ ಮತ್ತು ಎರಾಸ್ಮಸ್.

ಇವೆಲ್ಲದರಲ್ಲೂ ಮುಖದ ಕೆಳಗೋ ಪಕ್ಕಕ್ಕೋ ಒಂದು ಫಲಕ ಇದೆ, ಕಲ್ಲಿನ ಶಾಸನದ ಹಾಗೆ. ಅದರ ಮೇಲೆ ಲ್ಯಾಟಿನ್. ಎರಾಸ್ಮಸನದಕ್ಕೆ ಗ್ರೀಕೂ ಇದೆ. ಪಿರ್ಕ್‌ಹೈಮರನ ಕೆಳಗೆ, ನಾವು ಬಾಳುವುದು ಬುದ್ಧಿಯಿಂದ, ಉಳಿದದ್ದೆಲ್ಲ ಸಾವಿನ ಪಾಲು ಅಂತಿದೆ. ಮೆಲಾಂಕ್‌ಥನ್ನನ ಕೆಳಗೆ, ಫಿಲಿಪ್ಪನ ಮುಖವನ್ನು ಡ್ಯೂರರ್ ಬರೆಯಬಲ್ಲ, ಅವನ ಮನಸ್ಸನ್ನು ಬರೆಯಲು ಈ ಪಳಗಿದ ಕೈಗೂ ಆಗದು ಅಂತಿದೆ. ದೊಡ್ಡ ಮಾತುಗಳು. ಓದು ಬಲ್ಲವರು ಓದಲಿ ಅಂತ ಬರೆದ ಮಾತುಗಳು. ತಾಮ್ರದ ಭಾವಚಿತ್ರ ಅಂದರೆ ಆಗ ಇದೇ ಆಗಿತ್ತು. ಹೆಸರಿರುವವರ ಮುಖ, ದೂರ ದೂರ ಹೋಗಲಿ ಅಂತ ಮಾಡಿದ್ದು.

ಈಗ ಅಮ್ಮನ ಚಿತ್ರದ ಮೇಲೆ ಏನು ಬರೆದಿದೆ ನೋಡಿ. ಇದು ಲ್ಯಾಟಿನ್ ಅಲ್ಲ, ಮನೆಯಲ್ಲಿ ಆಡುತ್ತಿದ್ದ ಜರ್ಮನ್. ಫಲಕ ಇಲ್ಲ, ಚೌಕಟ್ಟಿಲ್ಲ. ಕಾಗದದ ಮೇಲುಗಡೆ ಜಾಗ ಇದ್ದಲ್ಲಿ ಬರೆದ ಕೈಬರಹ. ಇದು ಆಲ್ಬ್ರೆಕ್ಟ್ ಡ್ಯೂರರನ ತಾಯಿ, ವಯಸ್ಸು 63. ಆ ದಿನ ಬರೆದದ್ದು ಅಷ್ಟೇ. ಬುದ್ಧಿ, ಕೀರ್ತಿ, ಸಾವು ಅಂತ ಯಾವ ಮಾತೂ ಇಲ್ಲ.

ಅಮ್ಮನಿಗೆ ಹೆಸರಿರಲಿಲ್ಲ, ಕೊಳ್ಳುವವರಿರಲಿಲ್ಲ, ಅದಕ್ಕೇ ಕೆತ್ತಲಿಲ್ಲ ಅಂತ ಹೇಳಿ ಮುಗಿಸಬಹುದು. ಅದರಲ್ಲಿ ನಿಜ ಇದೆ. ತಿಂಗಳುಗಟ್ಟಲೆ ಉಳಿ ಹಿಡಿದು ಕೂರುವವನಿಗೆ ಮಾರಾಟವೂ ಮುಖ್ಯ. ಆದರೆ ನನಗೆ ಆ ಉತ್ತರ ಸಾಕಾಗುವುದಿಲ್ಲ. ಯಾಕೆಂದರೆ ಹೆಸರಿಲ್ಲದವರನ್ನು ಡ್ಯೂರರ್ ತಾಮ್ರದಲ್ಲಿ ಬೇಕಾದಷ್ಟು ಕೆತ್ತಿದ್ದಾನೆ. ಅಮ್ಮನನ್ನು ಬರೆದ ಅದೇ 1514ರಲ್ಲಿ ಕುಣಿಯುವ ರೈತ ದಂಪತಿಯನ್ನು ಕೆತ್ತಿದ, ಊದುವ ವಾದ್ಯ ನುಡಿಸುವವನನ್ನು ಕೆತ್ತಿದ. 1519ರಲ್ಲಿ ಸಂತೆಗೆ ಬಂದ ರೈತ ಮತ್ತು ಅವನ ಹೆಂಡತಿ. ಇವು ಮಾರಾಟವಾಗುತ್ತಿದ್ದವು. ಆದರೆ ಇವರು ಯಾರೋ ಒಬ್ಬ ವ್ಯಕ್ತಿ ಅಲ್ಲ, ಒಂದು ಮಾದರಿ. ರೈತ ಅಂದರೆ ಹೀಗೆ, ಸಂತೆ ಅಂದರೆ ಹೀಗೆ.

ವಯಸ್ಸಾದ ಹೆಂಗಸಿನ ಮಾದರಿ ಆ ಕಾಲದಲ್ಲಿ ಹೇಗಿತ್ತು ಗೊತ್ತಾ? ಇದನ್ನು ಹೇಳುವಾಗ ನನಗೆ ಸಂಕಟವಾಗುತ್ತದೆ. ಸುಕ್ಕು ಬಿದ್ದ ಮುಖ, ಒಣಗಿದ ಎದೆ ಬರೆದರೆ ಅದು ಮಾಟಗಾತಿ, ಇಲ್ಲವೇ ಹೊಟ್ಟೆಕಿಚ್ಚು, ಇಲ್ಲವೇ ದುರಾಸೆ. ಡ್ಯೂರರನೇ 1500ರ ಸುಮಾರಿಗೆ ಮೇಕೆಯ ಮೇಲೆ ಹಿಂದುಮುಂದಾಗಿ ಕೂತ ಮುದಿ ಮಾಟಗಾತಿಯನ್ನು ತಾಮ್ರದಲ್ಲಿ ಕೆತ್ತಿದ್ದಾನೆ. 1507ರಲ್ಲಿ ಒಬ್ಬ ಯುವಕನ ಭಾವಚಿತ್ರದ ಹಿಂಬದಿಗೆ ದುಡ್ಡಿನ ಚೀಲ ಹಿಡಿದ ಮುದುಕಿಯನ್ನು ದುರಾಸೆ ಅಂತ ಬರೆದಿದ್ದಾನೆ. ವಿಯೆನ್ನಾದಲ್ಲಿದೆ ಅದು. ಬಾಯಿಯಲ್ಲಿ ಉಳಿದ ಒಂದೆರಡು ಹಲ್ಲನ್ನೂ ಬಿಟ್ಟಿಲ್ಲ.

ಹೀಗಿರುವಾಗ ಅಮ್ಮನ ಈ ಮುಖವನ್ನು ಅಚ್ಚು ಹಾಕಿ ಊರೂರಿಗೆ ಕಳಿಸಿದ್ದರೆ ಏನಾಗುತ್ತಿತ್ತು? ಆಕೆ ಯಾರು ಅಂತ ಗೊತ್ತಿಲ್ಲದವರ ಕೈಗೆ ಅದು ಹೋಗುತ್ತಿತ್ತು. ಅವರು ಅಮ್ಮನನ್ನು ನೋಡುತ್ತಿರಲಿಲ್ಲ. ಮುಪ್ಪನ್ನು ನೋಡುತ್ತಿದ್ದರು, ಸಾವಿನ ಎಚ್ಚರಿಕೆ ನೋಡುತ್ತಿದ್ದರು, ಇನ್ನೂ ಕೆಟ್ಟದ್ದನ್ನು ನೋಡುತ್ತಿದ್ದರು. ಅಚ್ಚು ಯಾರ ಕೈಗೆ ಹೋಗುತ್ತದೆ, ಹೇಗೆ ಓದಿಸಿಕೊಳ್ಳುತ್ತದೆ ಅನ್ನುವುದು ಡ್ಯೂರರನಿಗೆ ಚೆನ್ನಾಗಿ ಗೊತ್ತಿತ್ತು. ಹಾಗಾಗಿ ಈ ಮುಖವನ್ನು ಅವನು ಸಂತೆಗೆ ಕಳಿಸಲಿಲ್ಲ ಅಂತ ನಾನು ನಂಬುತ್ತೇನೆ. ಅವನು ಹೀಗೆ ಎಲ್ಲೂ ಬರೆದಿಲ್ಲ. ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡಿ ನನಗೆ ಅನ್ನಿಸಿದ್ದು ಇದು.

ಸುಮಾರು ನೂರು ವರ್ಷ ಕಳೆದ ಮೇಲೆ, 1628ರಲ್ಲಿ, ಹಾಲೆಂಡಿನ ರೆಂಬ್ರಾಂಟ್ ತನ್ನ ತಾಯಿಯ ಮುಖವನ್ನು ತಾಮ್ರದಲ್ಲಿ ತಂದ. ಸುಕ್ಕು, ಬಾಗಿದ ನೋಟ ಎಲ್ಲ ಇದೆ ಅದರಲ್ಲಿ. ಆದರೆ ಅವನದು ಉಳಿಯ ಕೆಲಸವಲ್ಲ. ತಗಡಿಗೆ ಮೇಣದಂಥ ಲೇಪ ಹಚ್ಚಿ, ಸೂಜಿಯಿಂದ ಸಲೀಸಾಗಿ ಗೀಚಿ, ಆಮ್ಲದಲ್ಲಿ ಅದ್ದಿ ತೆಗೆಯುವ ವಿಧಾನ. ಅದು ಕಾಗದದ ಮೇಲೆ ಬರೆದಷ್ಟೇ ಸುಲಭ. ಡ್ಯೂರರ್ ಕೂಡ ಕಬ್ಬಿಣದ ತಗಡಿನ ಮೇಲೆ ಆಮ್ಲದ ಕೆಲಸ ಮಾಡಿ ನೋಡಿದ, ಆದರೆ 1515ರಿಂದ ಈಚೆಗೆ. ಅಷ್ಟರಲ್ಲಿ ಅಮ್ಮ ಇರಲಿಲ್ಲ.

1513ರ ಏಪ್ರಿಲ್ ಕೊನೆಯ ಒಂದು ಮಂಗಳವಾರ ಬೆಳಿಗ್ಗೆ. ಅಮ್ಮ ಕೋಣೆಯಿಂದ ಹೊರಗೆ ಬರಲಿಲ್ಲ. ಬಾಗಿಲು ತೆಗೆಯಲು ಆಕೆಯ ಕೈಲಿ ಆಗಲಿಲ್ಲ. ಬಾಗಿಲು ಒಡೆದು ಒಳಗೆ ಹೋಗಿ, ಎತ್ತಿಕೊಂಡು ಕೆಳಗಿನ ಕೋಣೆಗೆ ತಂದು ಮಲಗಿಸಿದರು. ಇವತ್ತೇ ಕೊನೆ ಅಂದುಕೊಂಡು ಪಾದ್ರಿಯನ್ನು ಕರೆಸಿ ವಿಧಿಗಳನ್ನೂ ಮಾಡಿಸಿದರು. ಆದರೆ ಆಕೆ ಒಂದು ವರ್ಷಕ್ಕೂ ಜಾಸ್ತಿ ದಿನ ಹಾಗೇ ಹಾಸಿಗೆಯಲ್ಲಿ ಉಳಿದಳು.

ಆ ಒಂದು ವರ್ಷದಲ್ಲಿ ಮಗ ಏನು ಮಾಡುತ್ತಿದ್ದ? ಕಲೆಯ ಚರಿತ್ರೆ ಓದಿದವರಿಗೆ ಗೊತ್ತು. 1513ರಲ್ಲಿ ಕುದುರೆ ಸವಾರ, ಸಾವು ಮತ್ತು ದೆವ್ವದ ಕೆತ್ತನೆ. 1514ರಲ್ಲಿ ಓದುವ ಕೋಣೆಯಲ್ಲಿ ಕೂತ ಸಂತ ಜೆರೋಮ್. ಅದೇ ವರ್ಷ ಮೆಲಂಕೋಲಿಯಾ, ಗಲ್ಲಕ್ಕೆ ಕೈ ಕೊಟ್ಟು ಕೂತ ರೆಕ್ಕೆಯ ಹೆಂಗಸು. ಈ ಮೂರನ್ನು ತಾಮ್ರ ಕೆತ್ತನೆಯ ತುತ್ತತುದಿ ಅನ್ನುತ್ತಾರೆ. ಆಗ ಅವರಿದ್ದದ್ದು ನ್ಯೂರೆಂಬರ್ಗ್ ಕೋಟೆಯ ಬಾಗಿಲ ಹತ್ತಿರ ಡ್ಯೂರರ್ 1509ರಲ್ಲಿ ಕೊಂಡ ದೊಡ್ಡ ಮನೆಯಲ್ಲಿ, ಈಗ ಅದೇ ಮ್ಯೂಸಿಯಂ ಆಗಿದೆ. ಅಲ್ಲಿ ಒಂದು ಕಡೆ ತಾಮ್ರದ ಮೇಲೆ ಉಳಿಯ ಕೆಲಸ, ಇನ್ನೊಂದು ಕಡೆ ಹಾಸಿಗೆ ಹಿಡಿದ ಅಮ್ಮ. ಮೆಲಂಕೋಲಿಯಾದ ದುಃಖ ಅಮ್ಮನ ಸಾವಿನದೇ ಅಂತ ಹೇಳುವವರಿದ್ದಾರೆ. ಒಂದು ಚಿತ್ರಕ್ಕೆ ಒಂದು ಸಾವನ್ನು ಹೀಗೆ ಗಂಟು ಹಾಕುವುದು ನನಗೆ ಸರಿ ಕಾಣುವುದಿಲ್ಲ. ಆದರೆ ಉಳಿಯನ್ನು ಕೆಳಗಿಟ್ಟು ಇದ್ದಿಲು ಹಿಡಿದ ಆ ಭಾನುವಾರದ ಬಗ್ಗೆ ಯೋಚಿಸದೆ ಇರಲು ನನಗೆ ಆಗುವುದಿಲ್ಲ.

ಇದ್ದಿಲು ಉಳಿಯ ಹಾಗಲ್ಲ. ಕೈ ಹೋದ ಕಡೆ ಹೋಗುತ್ತದೆ, ಮುಟ್ಟಿದರೆ ಅಳಿಸುತ್ತದೆ. ತಲೆಬಟ್ಟೆಯನ್ನು ದಪ್ಪ ಗೆರೆಗಳಲ್ಲಿ ಬೇಗ ಬೇಗ ಎಳೆದು ಮುಗಿಸಿದ್ದಾನೆ. ಎದೆಯ ಹತ್ತಿರ ಬಂದಾಗ ಇನ್ನೂ ಅವಸರ. ಹಣೆ, ಕಣ್ಣು, ಬಾಯಿಯ ಸುತ್ತ ಮಾತ್ರ ನಿಂತಿದ್ದಾನೆ. ಹಾಸಿಗೆ ಹಿಡಿದವರು ಎಷ್ಟು ಹೊತ್ತು ಅಂತ ಎದ್ದು ಕೂರುತ್ತಾರೆ? ಸರಿದ ಕಣ್ಣನ್ನು ಸರಿ ಮಾಡಿ ಬರೆಯಬಹುದಿತ್ತು. ಮಾಡಲಿಲ್ಲ.

ನನ್ನ ಅಮ್ಮನದು ಚೆನ್ನಾಗಿರುವ ಫೋಟೊ ಅಂತ ಇದ್ದದ್ದು ಒಂದೇ. ಯಾರದೋ ಮದುವೆಯ ಗುಂಪಿನಲ್ಲಿ ನಿಂತಿದ್ದು. ಅಮ್ಮ ತೀರಿಕೊಂಡ ಮೇಲೆ ಅದನ್ನು ಒಂದು ಸ್ಟುಡಿಯೋಗೆ ಕೊಟ್ಟೆವು. ಅವರು ಮುಖವನ್ನಷ್ಟೇ ಕತ್ತರಿಸಿ, ದೊಡ್ಡದು ಮಾಡಿ, ಹಿಂದೆ ನೀಲಿ ಬಣ್ಣ ಹಾಕಿ ಕೊಟ್ಟರು. ಸುಕ್ಕುಗಳನ್ನೂ ಒರೆಸಿದ್ದರು. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು. ಆದರೆ ಆ ಫೋಟೊದ ಮುಂದೆ ನಿಂತಾಗ ನಾನು ಹುಡುಕುವುದು ಆ ಸುಕ್ಕುಗಳನ್ನೇ. ಡ್ಯೂರರನ ಚಿತ್ರ ಮೊದಲ ಸಲ ನೋಡಿದಾಗ ನನಗೆ ಅಳು ಬಂದದ್ದು ಅದಕ್ಕೇ ಇರಬೇಕು.

1514ರ ಮೇ 16, ಮಂಗಳವಾರ. ಅಪ್ಪ ಹೋದಾಗ ಹತ್ತಿರ ಇರಲಿಲ್ಲ ಅಂತ ಕೊರಗಿದ ಮಗ ಈ ಸಲ ಅಮ್ಮನ ಪಕ್ಕದಲ್ಲೇ ಇದ್ದ. ಕಂಡದ್ದನ್ನೆಲ್ಲ ನೆನಪಿನ ಪುಸ್ತಕದಲ್ಲಿ ಬರೆದ. ಅಮ್ಮನಿಗೆ ಸಾವಿನ ಭಯ ಇತ್ತು, ದೇವರ ಮುಂದೆ ಹೋಗಲು ಭಯ ಇರಲಿಲ್ಲ ಅನ್ನುತ್ತಾನೆ. ಕಷ್ಟಪಟ್ಟು ಪ್ರಾಣ ಬಿಟ್ಟಳು. ಬಹಳ ಹೊತ್ತು ಮಾತು ನಿಂತಿತ್ತು, ಆಮೇಲೆ ಏನೋ ಭಯಂಕರವಾದದ್ದನ್ನು ಕಂಡವಳ ಹಾಗೆ ತೀರ್ಥ ಕೇಳಿದಳು. ಸಾವು ಎದೆಗೆ ಎರಡು ಸಲ ಜೋರಾಗಿ ಬಡಿದದ್ದನ್ನು ನಾನು ನೋಡಿದೆ ಅನ್ನುತ್ತಾನೆ. ಆಕೆಗಾಗಿ ಪ್ರಾರ್ಥನೆ ಮಾಡಿದೆ, ಆ ದುಃಖ ಹೇಳಲು ಆಗುವುದಿಲ್ಲ ಅನ್ನುತ್ತಾನೆ.

ಆ ಹಾಳೆಯಲ್ಲಿ ಅಮ್ಮನ ಬದುಕೂ ಇದೆ. 18 ಮಕ್ಕಳನ್ನು ಹೆತ್ತು ಸಾಕಿದಳು. ಪ್ಲೇಗು ಎಷ್ಟೋ ಸಲ ಬಂತು. ಬಡತನ, ಅವಮಾನ, ಚುಚ್ಚುಮಾತು, ಹೆದರಿಕೆ ಎಲ್ಲವನ್ನೂ ಉಂಡಳು, ಯಾರ ಮೇಲೂ ಹಗೆ ಇಟ್ಟುಕೊಳ್ಳಲಿಲ್ಲ. ನಾನು ತಪ್ಪು ಮಾಡಿದರೆ ಬೈಯುತ್ತಿದ್ದಳು ಅನ್ನುತ್ತಾನೆ. ಮನೆಯಿಂದ ಹೋಗುವಾಗ ಬರುವಾಗ ಪ್ರತಿ ಸಲ, ಕ್ರಿಸ್ತನ ಹೆಸರಿನಲ್ಲಿ ಹೋಗು ಅನ್ನುತ್ತಿದ್ದಳು. ಹೊಸ್ತಿಲಲ್ಲಿ ನಿಂತು, ಹುಷಾರಾಗಿ ಹೋಗಿ ಬಾ ಅನ್ನುವ ಅಮ್ಮಂದಿರನ್ನು ಕಂಡ ನಮಗೆ ಇದಕ್ಕೆ ವಿವರಣೆ ಬೇಡ.

ಕೊನೆಯಲ್ಲಿ ಒಂದು ಸಾಲಿದೆ. ಬದುಕಿದ್ದಾಗ ಕಂಡದ್ದಕ್ಕಿಂತ ಸತ್ತ ಮೇಲೆ ಆಕೆಯ ಮುಖ ಜಾಸ್ತಿ ಚೆಲುವಾಗಿ ಕಂಡಿತು ಅಂತ. ಎರಡು ತಿಂಗಳ ಹಿಂದೆ ಒಂದು ಸುಕ್ಕನ್ನೂ ಬಿಡದೆ ಈ ಮುಖ ಬರೆದ ಕೈ ಆ ಸಾಲನ್ನೂ ಬರೆದಿದೆ. ಕನ್ನಡದಲ್ಲಿ ನಾವು ಚಿತ್ರವನ್ನೂ ಬರೆಯುತ್ತೇವೆ, ಅಕ್ಷರವನ್ನೂ ಬರೆಯುತ್ತೇವೆ. ಡ್ಯೂರರನ ವಿಷಯದಲ್ಲಿ ಈ ಒಂದೇ ಮಾತು ಎಷ್ಟು ಚೆನ್ನಾಗಿ ಹೊಂದುತ್ತದೆ ನೋಡಿ.

ಇಲ್ಲಿಗೆ ನನ್ನ ಮಾತು ಮುಗಿದಿತ್ತು. ಆಮೇಲೆ ಹಿಂದಿನ ಸಾಲಿನಿಂದ ಹಿರಿಯರೊಬ್ಬರು, ಅಪ್ಪನದಾದರೂ ಕೆತ್ತಬಹುದಿತ್ತಲ್ಲ, ಉಳಿ ಕೊಟ್ಟವರು ಅವರೇ ಅಲ್ವಾ ಅಂತ ಕೇಳಿದರು. ಅಪ್ಪ ತೀರಿಹೋದಾಗ ಡ್ಯೂರರ್ ತಾಮ್ರದಲ್ಲಿ ಭಾವಚಿತ್ರ ಕೆತ್ತುವ ಕೆಲಸಕ್ಕೇ ಕೈ ಹಾಕಿರಲಿಲ್ಲ, ಅದು ಶುರುವಾದದ್ದು 17 ವರ್ಷ ಆದ ಮೇಲೆ ಅಂತ ಹೇಳಿದೆ. ಆದರೆ ಮಗ ಥೇಟ್ ಅಪ್ಪನ ಹಾಗಿದ್ದರೆ ನಾವು ಅಪ್ಪನ ಪಡಿಯಚ್ಚು ಅನ್ನುತ್ತೇವೆ. ಆ ಕೈಯ ಮಟ್ಟಿಗೆ ಡ್ಯೂರರನೇ ಅಪ್ಪನ ಪಡಿಯಚ್ಚು.

ಇನ್ನೊಬ್ಬರು, ವಯಸ್ಸಾದ ತಾಯಿಯೊಬ್ಬರು, ಎದ್ದು ನಿಂತು ಕೇಳಿದರು. ಅಲ್ಲಪ್ಪಾ, ಅಷ್ಟೆಲ್ಲ ಬರೆದವನು ಆ ಚಿತ್ರದ ಮೇಲೆ ಆಕೆಯ ಹೆಸರನ್ನು ಯಾಕೆ ಬರೆಯಲಿಲ್ಲ? ಬರೀ ಇವನ ತಾಯಿ ಅಂತ ಬರೆದರೆ ಆಯಿತಾ?

ನಿಜ. ಬಾರ್ಬರಾ ಅನ್ನುವ ಹೆಸರು ಆ ಕಾಗದದ ಮೇಲೆ ಇಲ್ಲ. ನಾನು ಈ ಚಿತ್ರವನ್ನು ಎಷ್ಟೋ ಸಲ ನೋಡಿದ್ದೇನೆ, ಆ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ಮನೆತನದ ಕಥೆಯಲ್ಲಿ ಹೆಸರಿದೆ, ಅಲ್ಲಿ ಬೇರೆಯವರು ಓದಲಿ ಅಂತ ಬರೆದ. ಇದು ಅವನೊಬ್ಬನೇ ನೋಡುವ ಕಾಗದ, ಅಮ್ಮನನ್ನು ಹೆಸರು ಹಿಡಿದು ಯಾರು ಕರೆಯುತ್ತಾರೆ ಅಂದೆ. ಅವರು ಸ್ವಲ್ಪ ಹೊತ್ತು ಪರದೆಯನ್ನೇ ನೋಡಿದರು. ಸರಿ, ಆದರೂ ಬರೆಯಬಹುದಿತ್ತು ಅಂದು ಕೂತರು.

ಅವರಿಗಾಗಿ ಚಿತ್ರದ ಮೇಲ್ಭಾಗವನ್ನು ದೊಡ್ಡದು ಮಾಡಿ ತೋರಿಸಿದೆ. ಮೊದಲ ಸಾಲುಗಳು ಇದ್ದಿಲಿನಲ್ಲಿವೆ. ಅದರ ಕೆಳಗೆ ಇನ್ನೊಂದು ಬರಹ, ಅದು ಶಾಯಿಯಲ್ಲಿ, ಆಮೇಲೆ ಸೇರಿಸಿದ್ದು. ಅದರಲ್ಲಿ ಬರುವ ಶಿಲುಬೆಯ ವಾರ ಅಂದರೆ ಈಸ್ಟರ್ ಹಬ್ಬ ಆದ ಮೇಲೆ ಶಿಲುಬೆ ಹಿಡಿದು ಮೆರವಣಿಗೆ ಹೋಗುವ ವಾರ. 1514ರಲ್ಲಿ, ಶಿಲುಬೆಯ ವಾರಕ್ಕೆ ಮುಂಚಿನ ಮಂಗಳವಾರ, ಕತ್ತಲಾಗಲು ಎರಡು ಗಂಟೆ ಇರುವಾಗ ತೀರಿಕೊಂಡಳು.